ಅರ್ಹತೆ ಇದೆ ಅಂದ ಮಾತ್ರಕ್ಕೆ ಸೀಟು ಸಿಕ್ಕಿತು ಅಂತಲ್ಲ

ಪ್ರಶ್ನೆ: ಸರ್, ನಾವು ಕೊಪ್ಪಳ ಜಿಲ್ಲೆಯ ಹಳ್ಳಿಯವರು, ಒಕ್ಕಲುತನ ಮಾಡ್ತೇವೆ. ಮಗಳು ಈ ಸಲ ಸೆಕೆಂಡ್ ಪಿಯು ಮುಗಿಸಿದ್ದಾಳೆ, ಪಿಸಿಎಂಬಿ. ಫಿಸಿಕ್ಸ್ 58, ಕೆಮಿಸ್ಟ್ರಿ 64, ಗಣಿತ 47, ಬಯಾಲಜಿ 81, ಕನ್ನಡ 92, ಇಂಗ್ಲಿಷ್ 71. ಒಟ್ಟು 413. ಸಿಇಟಿಯಲ್ಲಿ ಫಿಸಿಕ್ಸ್ 21, ಕೆಮಿಸ್ಟ್ರಿ 26, ಗಣಿತ 17, ಬಯಾಲಜಿ 34. ಕೃಷಿಕ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿ ಬಂದಿದ್ದಾಳೆ. ನೀಟ್ ಬರೆದಿಲ್ಲ. ನಮ್ಮದು 2ಎ. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅವಳಿಗೆ ಬಿಎಸ್ಸಿ ಅಗ್ರಿ ಓದುವ ಆಸೆ. ನೆಂಟರೆಲ್ಲ ‘ಕಂಪ್ಯೂಟರ್ ಸೈನ್ಸ್ ಮಾಡಿಸಿ, ಅರ್ಹತೆ ಇದೆಯಲ್ಲ’ ಅಂತಾರೆ. ಒಬ್ಬರು ಆಯುರ್ವೇದಕ್ಕೆ ಸೀಟು ಕೊಡಿಸ್ತೀನಿ ಅಂದಿದ್ದಾರೆ. ಇನ್ನೊಂದು ಮಾತು, ನಮ್ಮ ಅಣ್ಣನ ಮಗ ಕಲಾ ವಿಭಾಗದಲ್ಲಿ ಶೇ 52 ತೆಗೆದಿದ್ದಾನೆ. ಅವನಿಗೆ ಬಿಸಿಎ ಸಿಗುತ್ತಾ? ಏನು ಮಾಡಬೇಕು ತಿಳೀತಿಲ್ಲ.

ಉತ್ತರ:

ನಮಸ್ಕಾರ. ಅಂಕಗಳನ್ನು ಬಿಡಿಬಿಡಿಯಾಗಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ‘ಶೇ 68 ಬಂದಿದೆ, ಏನು ಸಿಗುತ್ತೆ?’ ಅಂತ ಒಂದೇ ಸಾಲು ಬರೆಯುತ್ತಾರೆ. ಅದಕ್ಕೆ ಉತ್ತರ ಹೇಳುವುದು ಕಷ್ಟ.

ನಿಮ್ಮ ನೆಂಟರು ಹೇಳಿದ ‘ಅರ್ಹತೆ ಇದೆಯಲ್ಲ’ ಅನ್ನುವ ಮಾತಿನಿಂದಲೇ ಶುರು ಮಾಡೋಣ. ಅರ್ಹತೆ ಅಂದರೆ ಪಂಕ್ತಿಯಲ್ಲಿ ಕೂರುವ ಹಕ್ಕು, ಅಷ್ಟೇ. ಎಲೆ ಹಾಕಿದ್ದಾರೆ, ಕೂತಿದ್ದೀರಿ. ಹೋಳಿಗೆ ನಿಮ್ಮ ಎಲೆ ತನಕ ಬರುತ್ತಾ ಅನ್ನುವುದು ಬೇರೆ ವಿಷಯ, ಅದನ್ನು ಹೇಳುವುದು ರ‍್ಯಾಂಕ್. ನೀವು ಯಾವ ಪಂಕ್ತಿಯಲ್ಲಿ ಕೂರಬಹುದು ಅನ್ನುವುದನ್ನು ಹೇಳುವುದು ನಿಮ್ಮ ದಾಖಲೆಗಳು. ಇನ್ನು ಹೋಳಿಗೆ ನಿಮಗೆ ಇಷ್ಟವಾ ಅನ್ನುವುದು ನಾಲ್ಕನೇ ಪ್ರಶ್ನೆ. ಅದನ್ನು ಮನೆಯಲ್ಲಿ ಯಾರೂ ಕೇಳುವುದೇ ಇಲ್ಲ. ಈ ನಾಲ್ಕನ್ನೂ ಕಲಸಿಕೊಂಡರೆ ತಲೆ ಕೆಡುತ್ತದೆ. ಬಿಡಿಸಿ ನೋಡಿದರೆ ಅಷ್ಟೇನೂ ಗೋಜಲಿಲ್ಲ.

ಮೊದಲು ಅಂಕದ ಲೆಕ್ಕ. ಎಂಜಿನಿಯರಿಂಗ್‌ಗೆ 413 ಅನ್ನುವ ಸಂಖ್ಯೆ ಬೇಕಾಗಿಯೇ ಇಲ್ಲ. ಕನ್ನಡದ 92ಕ್ಕೆ ಖುಷಿಪಡಿ, ಆದರೆ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಭಾಷೆಗಳನ್ನು ಪಾಸಾಗಿದ್ದರೆ ಸಾಕು. ನೋಡುವುದು ಮೂರು ವಿಷಯಗಳನ್ನು ಮಾತ್ರ. ಫಿಸಿಕ್ಸ್ ಮತ್ತು ಗಣಿತ ಕಡ್ಡಾಯ. ಮೂರನೆಯದು ಸಾಮಾನ್ಯವಾಗಿ ಕೆಮಿಸ್ಟ್ರಿ. ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 45 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಆದರೆ ಶೇ 40. ಅಂದರೆ 300ಕ್ಕೆ 135 ಅಥವಾ 120. ನಿಮ್ಮ ಮಗಳದು 58, 64, 47 ಸೇರಿ 169. ಶೇ 56.33. ಅರ್ಹತೆ ಇದೆ, ಅನುಮಾನವೇ ಬೇಡ.

ಇದು ಎಷ್ಟು ಸೂಕ್ಷ್ಮ ಅಂತ ಒಂದು ಉದಾಹರಣೆ ಹೇಳ್ತೀನಿ. ನನ್ನ ಹತ್ತಿರ ಬಂದಿದ್ದ ಹುಡುಗನೊಬ್ಬನಿಗೆ ಒಟ್ಟು 349, ಶೇ 58. ಮನೆಯವರು ನಿಶ್ಚಿಂತೆಯಿಂದ ಇದ್ದರು. ಬಿಡಿಸಿ ನೋಡಿದರೆ ಫಿಸಿಕ್ಸ್ 44, ಕೆಮಿಸ್ಟ್ರಿ 49, ಗಣಿತ 39. ಕೂಡಿದರೆ 132. ಸಾಮಾನ್ಯ ವರ್ಗದ ಹುಡುಗ, ಬೇಕಿದ್ದದ್ದು 135. ಬರೀ ಮೂರು ಅಂಕಕ್ಕೆ ಪಂಕ್ತಿಯಿಂದ ಆಚೆ! ಎಲ್ಲ ವಿಷಯವೂ ಪಾಸಾಗಿತ್ತು, ಸಿಇಟಿಯನ್ನೂ ಬರೆದಿದ್ದ. ಆದರೂ ಅರ್ಹತೆ ಇಲ್ಲ. ಕೊನೆಗೆ ಪರೀಕ್ಷೆ-2ರಲ್ಲಿ ಗಣಿತ ಒಂದನ್ನೇ ಮತ್ತೆ ಬರೆದ. 51 ಬಂತು. ಆ ಮನೆಯಲ್ಲಿ ಅವತ್ತು ಸಿಹಿ ಮಾಡಿದರಂತೆ. 2024ರಿಂದ ನಮ್ಮಲ್ಲಿ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಶುರುವಾದವಲ್ಲ, ಅದರ ನಿಜವಾದ ಉಪಯೋಗ ಇಂಥ ಕಡೆ. ಪಾಸಾಗುವುದೇ ಬೇರೆ, ಅರ್ಹರಾಗುವುದೇ ಬೇರೆ.

ಈಗ ರ‍್ಯಾಂಕ್. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಪಿಯುವಿನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತಕ್ಕೆ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳಿಗೆ ಅರ್ಧ ತೂಕ ಕೊಡುತ್ತದೆ. ಮಗಳ ಪಿಯು ಶೇ 56.33. ಸಿಇಟಿಯಲ್ಲಿ 21, 26, 17 ಸೇರಿ 180ಕ್ಕೆ 64, ಅಂದರೆ ಶೇ 35.56. ಎರಡನ್ನೂ ಕೂಡಿ ಅರ್ಧ ಮಾಡಿದರೆ 45.94. ಇದು ಅವಳ ತೂಕ. ಎಲ್ಲರ ತೂಕವನ್ನೂ ಸಾಲಾಗಿ ಜೋಡಿಸಿದಾಗ ಅವಳು ನಿಲ್ಲುವ ಜಾಗವೇ ರ‍್ಯಾಂಕ್.

ಇಲ್ಲಿ ಒಂದು ಅಡ್ಡಮಾತು. ಪಿಯುವಿನಲ್ಲಿ ಒಂದು ಅಂಕ 300ರಲ್ಲಿ ಒಂದು ಪಾಲು, ಸಿಇಟಿಯಲ್ಲಿ ಒಂದು ಅಂಕ 180ರಲ್ಲಿ ಒಂದು ಪಾಲು. ಎರಡಕ್ಕೂ ತೂಕ ಸಮ. ಹಾಗಾಗಿ ಸಿಇಟಿಯ ಮೂರು ಅಂಕ ಪಿಯುವಿನ ಐದು ಅಂಕಕ್ಕೆ ಸಮ. ಮೇಲಾಗಿ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಪ್ರತಿ ವರ್ಷ ಖಾಲಿ ಬಿಟ್ಟು ಬರುವ ಮಕ್ಕಳು ಸಿಗ್ತಾರೆ. ನಿಮ್ಮ ಮನೆಯಲ್ಲಿ ಚಿಕ್ಕವರಿದ್ದರೆ ಈಗಲೇ ಹೇಳಿಡಿ.

ಒಂದೇ ಸಿಇಟಿ ಬರೆದರೂ ರ‍್ಯಾಂಕ್ ಒಂದೇ ಅಲ್ಲ. ಎಂಜಿನಿಯರಿಂಗ್‌ಗೆ ಒಂದು, ಕೃಷಿ ಕೋರ್ಸ್‌ಗಳಿಗೆ ಒಂದು, ಪಶುವೈದ್ಯಕೀಯಕ್ಕೆ ಒಂದು, ಫಾರ್ಮಸಿಗೆ ಒಂದು, ನರ್ಸಿಂಗ್‌ಗೆ ಒಂದು. ಬಯಾಲಜಿ ಲೆಕ್ಕಕ್ಕೆ ಬಂದ ಕಡೆ ನಿಮ್ಮ ಮಗಳ ಪಾಡು ಪೂರ್ತಿ ಬದಲಾಗುತ್ತದೆ. ಪಿಯುವಿನಲ್ಲಿ 81, ಸಿಇಟಿಯಲ್ಲಿ 60ಕ್ಕೆ 34. ಅವಳ ಬಲ ಎಲ್ಲಿದೆ ಅಂತ ಅಂಕಗಳೇ ಕೂಗಿ ಹೇಳುತ್ತಿವೆ.

ಹಾಗಾದರೆ ಕಂಪ್ಯೂಟರ್ ಸೈನ್ಸ್? ಅರ್ಹತೆ ಇದೆ, ಎಲ್ಲೋ ಒಂದು ಕಡೆ ಸೀಟೂ ಸಿಗಬಹುದು. ಆದರೆ ನನ್ನನ್ನು ಕೇಳಿದರೆ ಬೇಡ ಅಂತೀನಿ. ಗಣಿತ 100ಕ್ಕೆ 47, ಸಿಇಟಿಯಲ್ಲಿ 60ಕ್ಕೆ 17. ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರ್‌ನಿಂದಲೇ ಗಣಿತ ಬೆನ್ನಿಗೆ ಬೀಳುತ್ತದೆ. ಆಸೆ ಇದ್ದವರು ಹೇಗೋ ಹಲ್ಲು ಕಚ್ಚಿ ದಾಟುತ್ತಾರೆ. ಆಸೆಯೂ ಇಲ್ಲ, ಗಣಿತವೂ ಒಲಿದಿಲ್ಲ ಅಂದರೆ ನಾಲ್ಕು ವರ್ಷ ಬ್ಯಾಕ್‌ಲಾಗ್ ಹೊತ್ತುಕೊಂಡು ತಿರುಗಬೇಕು. ‘ಅರ್ಹತೆ ಇದೆಯಲ್ಲ’ ಅನ್ನುವ ನೆಂಟರು ಆಗ ಪರೀಕ್ಷೆ ಬರೆಯಲು ಬರುವುದಿಲ್ಲ, ಅಲ್ವಾ?

ಕೃಷಿಗೆ ಬರೋಣ. ಬಿಎಸ್ಸಿ ಅಗ್ರಿ ಅಂದರೆ ಮತ್ತೆ ಹೊಲಕ್ಕೆ ಇಳಿಯುವುದು ಅನ್ನುವ ಅಳುಕು ನಿಮ್ಮಂಥ ತುಂಬಾ ತಂದೆಯರಿಗೆ ಇರುತ್ತದೆ. ‘ನಾವು ಕೆಸರು ತುಳಿದದ್ದು ಸಾಕು, ಮಕ್ಕಳಾದರೂ ನೆರಳಲ್ಲಿ ಕೂರಲಿ’ ಅಂತ. ಅದು ತಪ್ಪಲ್ಲ. ಆದರೆ ಈ ಪದವಿ ತೆಗೆದುಕೊಂಡು ಹೋಗುವ ಜಾಗಗಳೇ ಬೇರೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರುವ ಕೃಷಿ ಅಧಿಕಾರಿ ಓದಿರುವುದು ಇದನ್ನೇ. ಬ್ಯಾಂಕುಗಳು ಕೃಷಿ ಸಾಲ ನೋಡಿಕೊಳ್ಳಲು ಅಗ್ರಿಕಲ್ಚರಲ್ ಫೀಲ್ಡ್ ಆಫೀಸರ್ ಅಂತ ತೆಗೆದುಕೊಳ್ಳುತ್ತವೆ. ಆ ಹುದ್ದೆಗೆ ಕೃಷಿ ಅಥವಾ ಅದರ ಒಡನಾಡಿ ವಿಷಯಗಳ ಪದವಿಯೇ ಬೇಕು, ಬೇರೆ ಪದವಿ ನಡೆಯುವುದಿಲ್ಲ. ಬೀಜ, ಗೊಬ್ಬರ, ಔಷಧಿ ಕಂಪನಿಗಳಿವೆ. ಮುಂದೆ ಓದಿ ಸಂಶೋಧನೆಗೂ ಹೋಗಬಹುದು. ಇಷ್ಟರ ಮೇಲೂ ಯಾವ ಇಲಾಖೆಯ ನೇಮಕಾತಿಗಾದರೂ ‘ಯಾವುದೇ ಪದವಿ’ ಅಂತ ಇದ್ದರೆ ಇದೂ ಪದವಿಯೇ. ಕೆಎಎಸ್‌ಗೂ ನಡೆಯುತ್ತದೆ, ಐಎಎಸ್‌ಗೂ ನಡೆಯುತ್ತದೆ.

ಕೃಷಿ ಅಂದರೆ ಬಿಎಸ್ಸಿ ಅಗ್ರಿ ಒಂದೇ ಅಂತ ತಿಳಿಯಬೇಡಿ. ಅದೇ ಗುಂಪಿನಲ್ಲಿ ತೋಟಗಾರಿಕೆ, ಅರಣ್ಯ, ರೇಷ್ಮೆ, ಮೀನುಗಾರಿಕೆ, ಸಮುದಾಯ ವಿಜ್ಞಾನ, ಆಹಾರ ತಂತ್ರಜ್ಞಾನ, ಕೃಷಿ ಎಂಜಿನಿಯರಿಂಗ್ ಎಲ್ಲ ಇವೆ. ನಾಲ್ಕು ವರ್ಷದ ಪದವಿಗಳು. ಕೊನೆಯ ಎರಡು ಬಿ.ಟೆಕ್, ಅಲ್ಲಿ ಗಣಿತ ಬಿಡುವುದಿಲ್ಲ. ಬೆಂಗಳೂರು, ಧಾರವಾಡ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ಎರಡೂ ಸೇರಿದ್ದು, ಬಾಗಲಕೋಟೆಯಲ್ಲಿ ಪೂರ್ತಿ ತೋಟಗಾರಿಕೆಗೆ ಮೀಸಲಾದದ್ದು, ಬೀದರ್‌ನಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕೆಯದು. ಅರಣ್ಯ ಓದಲು ಶಿರಸಿ, ಪೊನ್ನಂಪೇಟೆ. ಮೀನುಗಾರಿಕೆಗೆ ಮಂಗಳೂರು. ಮಗಳಿಗೆ ಅಗ್ರಿ ಸಿಗದೆ ತೋಟಗಾರಿಕೆ ಸಿಕ್ಕಿದರೆ ಮುಖ ಸಣ್ಣದು ಮಾಡಿಕೊಳ್ಳಬೇಕಿಲ್ಲ. ಕೊಪ್ಪಳದ ದಾಳಿಂಬೆ ತೋಟಗಳನ್ನು ನೋಡಿ ಬೆಳೆದ ಹುಡುಗಿಗೆ ಅದು ಹೊಸ ಲೋಕವೇನಲ್ಲ.

ಇನ್ನು ಆಯುರ್ವೇದದ ಸೀಟು ಕೊಡಿಸ್ತೀನಿ ಅಂದವರ ವಿಷಯ. ಅವರಿಗೆ ನಮಸ್ಕಾರ ಹೇಳಿ ಕಳಿಸಿಬಿಡಿ. ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪಥಿ, ಯುನಾನಿ ಎಲ್ಲದಕ್ಕೂ ನೀಟ್ ಬೇಕೇ ಬೇಕು. ಮ್ಯಾನೇಜ್‌ಮೆಂಟ್ ಸೀಟಿಗೂ ಬೇಕು. ನೀಟ್ ಬರೆಯದ ಹುಡುಗಿಗೆ ಆ ಸೀಟು ಕೊಡಿಸುವ ದಾರಿ ಈ ದೇಶದಲ್ಲಿ ಇಲ್ಲ. ದುಡ್ಡಿನಿಂದ ಸೀಟು ಸಿಗಬಹುದು, ಅರ್ಹತೆ ಸಿಗುವುದಿಲ್ಲ. ಇದನ್ನು ತಿಳಿಯದೆ ಅಡ್ವಾನ್ಸ್ ಕೊಟ್ಟು ಕೂತವರನ್ನು ನೋಡಿದ್ದೇನೆ. ಕಾಲೇಜಿನಲ್ಲಿ ಕೂರಿಸಿಕೊಳ್ಳುತ್ತಾರೆ, ಫೀಸು ಕಟ್ಟಿಸಿಕೊಳ್ಳುತ್ತಾರೆ, ಕೆಲವು ತಿಂಗಳಾದ ಮೇಲೆ ವಿಶ್ವವಿದ್ಯಾಲಯದಿಂದ ಪ್ರವೇಶಕ್ಕೆ ಅನುಮೋದನೆ ಬರುವುದಿಲ್ಲ. ಆಗ ಮಧ್ಯದವರ ಫೋನ್ ಸ್ವಿಚ್ಡ್ ಆಫ್.

ಮುಂದಿನ ವರ್ಷ ನೀಟ್ ಬರೆಯುವ ಮನಸ್ಸಿದ್ದರೆ ಒಂದು ಮಾತು ತಿಳಿದಿರಲಿ. ಅಲ್ಲಿ ಎರಡು ಜರಡಿ. ಪಿಯುವಿನ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಕ್ಕೆ ಶೇ 40. ಇದು ಶೇಕಡಾ. ಆಮೇಲೆ ನೀಟ್‌ನಲ್ಲಿ 50ನೇ ಅಥವಾ 40ನೇ ಪರ್ಸೆಂಟೈಲ್. ಇದು ಶೇಕಡಾ ಅಲ್ಲ. 50ನೇ ಪರ್ಸೆಂಟೈಲ್ ಅಂದರೆ ಬರೆದವರಲ್ಲಿ ಅರ್ಧ ಜನ ನಿಮಗಿಂತ ಕೆಳಗೆ ಇದ್ದಾರೆ ಅಂತ. 720ಕ್ಕೆ 360 ಬೇಕು ಅಂತ ಅಲ್ಲವೇ ಅಲ್ಲ. ‘ಕ್ವಾಲಿಫೈ ಆಗಿದ್ದಾನೆ, ಡಾಕ್ಟರ್ ಆದ’ ಅಂತ ಊರಿಗೆಲ್ಲ ಹೇಳುವವರು ಇಲ್ಲೇ ಎಡವುವುದು. ಕ್ವಾಲಿಫೈ ಆಗುವುದು ಅಂದರೆ ಮತ್ತೆ ಅದೇ, ಎಲೆ ಹಾಕಿದ್ದಾರೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಸಿಇಟಿಯ ಅಭ್ಯಾಸದಲ್ಲಿ ಎಲ್ಲವನ್ನೂ ಗುರುತು ಹಾಕಿ ಬರಬಾರದು.

ಆರೋಗ್ಯದ ಕಡೆಗೇ ಒಲವಿದ್ದರೆ ನೀಟ್ ಇಲ್ಲದೆಯೂ ಬಿಎಸ್ಸಿ ನರ್ಸಿಂಗ್ ಇದೆ, ಬಿ.ಫಾರ್ಮ್ ಇದೆ. ಎರಡಕ್ಕೂ ಅವಳ ವಿಷಯಗಳು ಹೊಂದುತ್ತವೆ, ಸಿಇಟಿಯಿಂದಲೇ ರ‍್ಯಾಂಕ್ ಬರುತ್ತದೆ. ನರ್ಸಿಂಗ್ ಅಂದರೆ ಮೂಗು ಮುರಿಯುವವರು ಇದ್ದಾರೆ. ಕೆಲಸ ಬೇಗ ಸಿಗುವ ಓದುಗಳ ಪಟ್ಟಿ ಮಾಡಿದರೆ ನಾನು ಅದನ್ನು ಮೇಲೆಯೇ ಬರೆಯುತ್ತೇನೆ.

ಈಗ ದಾಖಲೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ನಿಮ್ಮ ಮಗಳ ನಿಜವಾದ ಆಸ್ತಿ ಇರುವುದು ಇಲ್ಲಿ. ಅವಳು ಒಂದಲ್ಲ, ನಾಲ್ಕೈದು ಪಂಕ್ತಿಯಲ್ಲಿ ಕೂರಬಹುದು.

ಮೊದಲನೆಯದು, ಕರ್ನಾಟಕದ ಸೀಟಿಗೆ ಕರ್ನಾಟಕದವರು ಅಂತ ತೋರಿಸಬೇಕು. ಒಂದನೇ ತರಗತಿಯಿಂದ ಸೆಕೆಂಡ್ ಪಿಯುವರೆಗೆ ಕನಿಷ್ಠ ಏಳು ವರ್ಷ ಇಲ್ಲೇ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯು ಇಲ್ಲೇ ಪಾಸಾಗಿರಬೇಕು. ಇದು ಹೆಚ್ಚಿನವರು ಬಳಸುವ ‘ಎ’ ಕ್ಲಾಜ್, ಅಂದರೆ ‘ಎ’ ನಿಯಮ. ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರಬೇಕು. ಹೆಡ್ಮಾಸ್ಟರ್ ಸಹಿ ಒಂದೇ ಇದ್ದರೆ ಆಗುವುದಿಲ್ಲ.

ಎರಡನೆಯದು ಗ್ರಾಮೀಣ. ಶೇ 15 ಸೀಟು. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಹತ್ತೂ ಅಂದರೆ ಹತ್ತೂ. ಒಬ್ಬ ಹುಡುಗನ ವ್ಯಾಸಂಗ ಪತ್ರವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ. ಒಂದರಿಂದ ನಾಲ್ಕು ಊರಿನ ಶಾಲೆ, ಆರರಿಂದ ಹತ್ತು ಪಕ್ಕದ ಊರಿನ, ಪ್ರೌಢಶಾಲೆಯೂ ಸೇರಿದ್ದ ಶಾಲೆ. ಐದನೇ ತರಗತಿ ಎಲ್ಲಿ ಅಂತ ಕೇಳಿದೆ. ಅವನ ತಾಯಿ ಸೆರಗಿನ ತುದಿ ಸುತ್ತುತ್ತಾ ಹೇಳಿದರು: ‘ಆ ವರ್ಷ ನನಗೆ ಮೈ ಹುಷಾರಿರಲಿಲ್ಲ ಸರ್, ಅಜ್ಜಿ ಹತ್ರ ಬಿಟ್ಟಿದ್ವಿ, ಪ್ಯಾಟೆಯೊಳಗೆ.’ ಆ ಒಂದು ವರ್ಷದಿಂದ ಗ್ರಾಮೀಣ ಮೀಸಲಾತಿ ಹೋಯಿತು. ಯಾರ ತಪ್ಪೂ ಅಲ್ಲ. ಆದರೆ ಅದು ಅವರಿಗೆ ಗೊತ್ತಾದದ್ದು ಅರ್ಜಿಯಲ್ಲಿ ‘ಗ್ರಾಮೀಣ, ಹೌದು’ ಅಂತ ಹಾಕಿದ ಮೇಲೆ. ನೀವು ಮಗಳ ಹತ್ತೂ ವರ್ಷವನ್ನು ಒಂದು ಹಾಳೆ ಮೇಲೆ ಬರೆದು, ಶಾಲೆ, ಊರು, ತಾಲ್ಲೂಕು ಎಲ್ಲ ಹೊಂದುತ್ತಾ ನೋಡಿಕೊಳ್ಳಿ.

ಮೂರನೆಯದು ಕನ್ನಡ ಮಾಧ್ಯಮ, ಶೇ 5. ಇಲ್ಲಿಯೂ ಒಂದರಿಂದ ಹತ್ತು. ಪ್ರಮಾಣಪತ್ರದಲ್ಲಿ ‘ಕನ್ನಡ ಮಾಧ್ಯಮ’ ಅಂತ ಬರೆದಿರಬೇಕು. ಕನ್ನಡವನ್ನು ಒಂದು ಭಾಷೆಯಾಗಿ ಓದಿದ್ದರೆ ಸಾಲದು.

ನಾಲ್ಕನೆಯದು ನಿಮ್ಮ 2ಎ. ತಹಶೀಲ್ದಾರರು ಕೊಡುವ ಜಾತಿ-ಆದಾಯ ಪತ್ರ, ನಮೂನೆ ‘ಎಫ್’. ಅದರಲ್ಲಿ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನೇ ಅರ್ಜಿಯಲ್ಲಿ ಹಾಕುವುದು. ಸಂಖ್ಯೆ ಹಾಕಿದಾಗ ಬರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ತಾಳೆಯಾಗಬೇಕು. ಅಪ್ಪನ ಹೆಸರು ಒಂದು ಕಡೆ ‘ಬಸಪ್ಪ’, ಇನ್ನೊಂದು ಕಡೆ ‘ಬಸವರಾಜ’ ಅಂತ ಇದ್ದರೆ ಈಗಲೇ ನಾಡಕಚೇರಿಗೆ ಹೋಗಿ ಬನ್ನಿ. ಇನ್ನೊಂದು ಸೂಕ್ಷ್ಮ ಇದೆ. ಇದು ರಾಜ್ಯದ ಪತ್ರ. ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿಯಂಥ ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ ಪತ್ರವೇ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನಿಮಗೆ ಈಗ ಅದರ ಅವಸರವಿಲ್ಲ, ತಿಳಿದಿರಲಿ ಅಂತ ಹೇಳಿದೆ.

ಐದನೆಯದು ದೊಡ್ಡದು. ಕೊಪ್ಪಳ ಕಲ್ಯಾಣ ಕರ್ನಾಟಕದ ಜಿಲ್ಲೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿಯವರಿಗೇ. ರಾಜ್ಯದ ಉಳಿದ ಕಡೆ ಶೇ 8. ಇದಕ್ಕೆ ಉಪವಿಭಾಗಾಧಿಕಾರಿ, ಅಂದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ ಪಡೆಯುವ ಅರ್ಹತಾ ಪತ್ರ ಬೇಕು. ಅದಿಲ್ಲದೆ ಬಾಯಲ್ಲಿ ‘ನಾವು ಕೊಪ್ಪಳದವರು’ ಅಂದರೆ ಕಂಪ್ಯೂಟರ್ ಕೇಳುವುದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಈ ಭಾಗದ್ದೇ ಅನ್ನುವುದು ನೆನಪಿರಲಿ.

ಇವುಗಳ ಜೊತೆ ಕೃಷಿಕ ಕೋಟಾ ಬೇರೆ. ಪ್ರಾಯೋಗಿಕ ಪರೀಕ್ಷೆ ಬರೆದಿದ್ದಾಳೆ ಅಂದಿರಿ. ಕಾಳು, ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಆ ಪರೀಕ್ಷೆಯಲ್ಲಿ ಹೊಲ ನೋಡಿ ಬೆಳೆದವರಿಗೆ ಅನುಕೂಲ ಜಾಸ್ತಿ. ಪಹಣಿ ಮತ್ತು ಕೃಷಿಕರ ಪತ್ರಗಳಲ್ಲಿ ಹೆಸರು ಸರಿಯಿದೆಯಾ ಅಂತ ಇನ್ನೊಮ್ಮೆ ನೋಡಿ. ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇರುವ ಮನೆಗಳಲ್ಲಿ ಇಲ್ಲಿ ತೊಡಕಾಗುತ್ತದೆ.

ಈಗ ಕೆಇಎ ಹಾಕುವ ಕಟ್‌ಆಫ್ ಪಟ್ಟಿ, ಅಂದರೆ ಎಲ್ಲಿ ಯಾವ ರ‍್ಯಾಂಕ್‌ವರೆಗೆ ಸೀಟು ಸಿಕ್ಕಿತ್ತು ಅನ್ನುವ ಪಟ್ಟಿ ತೆರೆದರೆ ನಿಮಗೆ ಅರ್ಥವಾಗುತ್ತದೆ. ಅಲ್ಲಿ 2ಎಜಿ, 2ಎಆರ್, 2ಎಕೆ ಅಂತ ಕಾಲಂಗಳು ಇರುತ್ತವೆ. 2ಎ ಸಾಮಾನ್ಯ, 2ಎ ಗ್ರಾಮೀಣ, 2ಎ ಕನ್ನಡ ಮಾಧ್ಯಮ ಅಂತ. ಕಲ್ಯಾಣ ಕರ್ನಾಟಕಕ್ಕೆ ಕೊನೆಯಲ್ಲಿ ಎಚ್ ಅಕ್ಷರ. ನೆಂಟರು ಹೇಳುವ ಕಟ್‌ಆಫ್ ಸಾಮಾನ್ಯವಾಗಿ ಜನರಲ್ ಮೆರಿಟ್‌ದು. ಅದನ್ನು ನೋಡಿ ‘ನಮಗೆಲ್ಲಿ ಸಿಗುತ್ತೆ’ ಅಂತ ಕೈಬಿಡಬೇಡಿ. ಅವಳಿಗೆ ಹೊಂದುವ ಎಲ್ಲ ಕಾಲಂ ನೋಡಿ. ಎಲ್ಲಿ ಕೊನೆಯ ರ‍್ಯಾಂಕ್ ಅವಳ ಹತ್ತಿರ ಇದೆಯೋ ಅಲ್ಲಿ ಗುರುತು ಹಾಕಿ. ಹಾಗಂತ ಕಟ್‌ಆಫ್ ಕಾನೂನಲ್ಲ, ಹೋದ ವರ್ಷದ ಕಥೆ ಅಷ್ಟೇ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕೋರ್ಸು-ಕಾಲೇಜುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಹಾಕುವಾಗ, ಎಲ್ಲರೂ ಮಾಡುವ ಒಂದು ತಪ್ಪಿದೆ. ‘ಮೇಲಿನದು ಸಿಗಲ್ಲ, ಸುಮ್ನೆ ಯಾಕೆ ಹಾಕೋದು’ ಅಂತ ಸಿಗುವಂಥದ್ದನ್ನೇ ಮೊದಲು ಹಾಕುತ್ತಾರೆ. ಕಂಪ್ಯೂಟರ್ ಸೀಟು ಹಂಚುವುದು ಹೇಗೆ ಗೊತ್ತಾ? ಒಂದೊಂದೇ ರ‍್ಯಾಂಕ್ ತೆಗೆದುಕೊಂಡು, ಆ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗುತ್ತದೆ. ಎಲ್ಲಿ ಸೀಟು ಖಾಲಿ ಇದೆಯೋ ಅಲ್ಲಿ ನಿಲ್ಲುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಬರುತ್ತದೆ, ಅದರಿಂದ ಯಾವ ನಷ್ಟವೂ ಇಲ್ಲ. ಆದರೆ ಕೆಳಗಿನದನ್ನು ಮೇಲೆ ಹಾಕಿದರೆ ಅಲ್ಲೇ ನಿಂತುಬಿಡುತ್ತದೆ, ಬೇಕಾದದ್ದು ಖಾಲಿ ಇದ್ದರೂ ಸಿಗುವುದಿಲ್ಲ. ಆದ್ದರಿಂದ ಕ್ರಮ ಅವಳ ಇಷ್ಟದ್ದೇ ಇರಲಿ, ಕಟ್‌ಆಫ್‌ದಲ್ಲ. ಕಟ್‌ಆಫ್ ಬೇಕಾಗುವುದು ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ನೋಡಲು. ಸೇರುವುದೇ ಇಲ್ಲ ಅನ್ನುವಂಥದ್ದನ್ನು ಮಾತ್ರ ಹಾಕಬೇಡಿ, ಅದೇ ಬಂದು ಕೂರುತ್ತದೆ.

ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ತಾಲೀಮು. ನೋಡಿ, ಪಟ್ಟಿ ತಿದ್ದಿ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿದೆ, ಫೀಸು ಕಟ್ಟಿ ಸೇರುತ್ತೇನೆ. ಎರಡನೆಯದು, ಇದನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ನೋಡುತ್ತೇನೆ, ಇದಕ್ಕೂ ಫೀಸು ಕಟ್ಟಬೇಕು. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ಪೂರ್ತಿ ಹೊರಗೆ. ಮೂರನೆಯದನ್ನು ಹುಂಬತನದಿಂದ ಒತ್ತಬೇಡಿ, ಕೈಯಲ್ಲಿದ್ದದ್ದು ಹೋಗುತ್ತದೆ. ಎರಡನೆಯದರಲ್ಲಿ ಮೇಲಿನದು ಸಿಕ್ಕಿದರೆ ಹಳೆಯದು ತಾನಾಗಿ ರದ್ದಾಗುತ್ತದೆ, ‘ಅದೇ ಚೆನ್ನಾಗಿತ್ತು’ ಅಂತ ಆಮೇಲೆ ವಾಪಸ್ ಹೋಗಲಾಗದು.

ಕಾಲೇಜು ಸೇರುವಾಗ ಮೂಲ ದಾಖಲೆ ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ತೆಗೆದುಕೊಳ್ಳಿ. ಕಾಲೇಜುಗಳು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲೇ ಹೇಳಿದೆ. ಫೀಸಿನ ವಿಷಯಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬೇಡಿ.

ಇನ್ನು ಅಣ್ಣನ ಮಗ. ಬಿಸಿಎಗೆ ರಾಜ್ಯಕ್ಕೆಲ್ಲ ಒಂದೇ ನಿಯಮ ಅಂತ ಇಲ್ಲ. ಕೆಲವು ವಿಶ್ವವಿದ್ಯಾಲಯಗಳು ಪಿಯುವಿನಲ್ಲಿ ಗಣಿತ ಅಥವಾ ಕಂಪ್ಯೂಟರ್ ಕೇಳುತ್ತವೆ, ಕೆಲವು ಯಾವ ವಿಭಾಗವಾದರೂ ಸರಿ ಅನ್ನುತ್ತವೆ. ಅವನು ಸೇರಬೇಕೆಂದಿರುವ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ನೋಡಿ, ಆ ವಿಶ್ವವಿದ್ಯಾಲಯದ ಆ ಕೋರ್ಸಿನ ಅರ್ಹತಾ ಪುಟ ಓದಬೇಕು. ಕಾಲೇಜಿನ ಬ್ಯಾನರ್ ಅಲ್ಲ. ಸೇರಿದ ಮೇಲೆ ಗಣಿತ ಬರುವುದಂತೂ ಖಾತ್ರಿ, ಎಂಟನೇ ತರಗತಿಯಿಂದ ಗಣಿತಕ್ಕೆ ಹೆದರಿದವನಾದರೆ ಯೋಚಿಸಲಿ.

ಅವನ ಶೇ 52ಕ್ಕೆ ನನಗೆ ಚೆನ್ನಾಗಿ ಕಾಣುವುದು ಕಾನೂನು. ಪಿಯು ನಂತರದ ಐದು ವರ್ಷದ ಕಾನೂನಿಗೆ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಇಲ್ಲಿ ಯಾವ ವಿಭಾಗ ಅನ್ನುವುದು ಮುಖ್ಯವಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ತುಂಬಾ ಕಾಲೇಜುಗಳಿವೆ. ಮೇಷ್ಟ್ರಾಗುವ ಆಸೆ ಇದ್ದರೆ ಬಿಎ ಮಾಡಿ ಬಿ.ಇಡ್. ಆದರೆ ಬಿಎ ಸೇರುವಾಗಲೇ ಶಾಲೆಯಲ್ಲಿ ಕಲಿಸುವಂಥ ವಿಷಯಗಳನ್ನು ಆರಿಸಿಕೊಳ್ಳಬೇಕು. ಮೂರು ವರ್ಷ ಓದಿ ಆಮೇಲೆ ‘ಈ ಕಾಂಬಿನೇಷನ್‌ಗೆ ಬಿ.ಇಡ್ ಇಲ್ಲ’ ಅಂದರೆ ಯಾರ ಮುಂದೆ ಅಳುವುದು? ಅಂದಹಾಗೆ, 2024-25ರಿಂದ ನಮ್ಮ ರಾಜ್ಯದಲ್ಲಿ ಬಿಎ, ಬಿಕಾಂ, ಬಿಎಸ್ಸಿ ಮತ್ತೆ ಮೂರು ವರ್ಷವಾಗಿವೆ. ನಾಲ್ಕು ವರ್ಷ ಅಂತ ಹಳೆ ವಿಡಿಯೋ ನೋಡಿ ಗಾಬರಿಯಾಗಬೇಡಿ.

ಕೋರ್ಸ್ ಇಷ್ಟವಾಗುತ್ತಾ ಅಂತ ಮಕ್ಕಳು ತಿಳಿಯುವುದು ಹೇಗೆ ಅಂತ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ಆ ಕೋರ್ಸಿನ ಸಿಲೆಬಸ್ ತೆಗೆದು ಮೊದಲ ವರ್ಷದ್ದಲ್ಲ, ಮೂರನೇ ವರ್ಷದ ವಿಷಯಗಳನ್ನು ಓದಿ. ಮೊದಲ ವರ್ಷ ಎಲ್ಲ ಕೋರ್ಸೂ ಪಿಯು ಥರವೇ ಕಾಣುತ್ತದೆ. ಮಗಳ ಮುಂದೆ ಅಗ್ರಿಯ ಮೂರನೇ ವರ್ಷದ ಪಟ್ಟಿ ಇಡಿ, ಕೀಟ, ರೋಗ, ತಳಿ ಅಭಿವೃದ್ಧಿ, ಮಾರುಕಟ್ಟೆ. ಪಕ್ಕದಲ್ಲಿ ಕಂಪ್ಯೂಟರ್ ಸೈನ್ಸ್‌ನದ್ದು. ಯಾವ ಹಾಳೆಯನ್ನು ಎರಡನೇ ಸಲ ಕೈಗೆತ್ತಿಕೊಳ್ಳುತ್ತಾಳೆ ನೋಡಿ. ಸಾಧ್ಯವಾದರೆ ಒಂದು ದಿನ ರಾಯಚೂರಿಗೆ ಕರೆದುಕೊಂಡು ಹೋಗಿ, ಅಲ್ಲಿ ಓದುತ್ತಿರುವ ಹುಡುಗಿಯರ ಹತ್ತಿರ ಮಾತಾಡಿಸಿ. ನೀವು ಸ್ವಲ್ಪ ದೂರ ನಿಂತುಕೊಳ್ಳಿ, ಅಪ್ಪ ಪಕ್ಕದಲ್ಲಿದ್ದರೆ ಯಾರೂ ನಿಜ ಹೇಳುವುದಿಲ್ಲ.

ನಿಮ್ಮ ಮಗಳ ಪಟ್ಟಿ ನಾನಾದರೆ ಹೀಗೆ ಬರೆಯುತ್ತಿದ್ದೆ. ಮೇಲೆ ಬಿಎಸ್ಸಿ ಅಗ್ರಿ, ರಾಯಚೂರು ವಿಶ್ವವಿದ್ಯಾಲಯದ ಕಾಲೇಜುಗಳು, ಆಮೇಲೆ ಧಾರವಾಡ, ಶಿವಮೊಗ್ಗ, ಬೆಂಗಳೂರಿನವು. ಆಮೇಲೆ ತೋಟಗಾರಿಕೆ, ಅರಣ್ಯ, ರೇಷ್ಮೆ. ಕೆಳಗೆ ನರ್ಸಿಂಗ್ ಅಥವಾ ಫಾರ್ಮಸಿ, ಅವಳು ಒಪ್ಪಿದರೆ ಮಾತ್ರ. ಕಾಲೇಜುಗಳ ಕ್ರಮವನ್ನು ಅವಳು ಬದಲಾಯಿಸಿದರೆ ಬದಲಾಯಿಸಲಿ.

ಕೊನೆಗೆ ಒಂದು ಸಣ್ಣ ಕೆಲಸ, ಇವತ್ತೇ ಮಾಡಿ. ಕೆಇಎ ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿ. ಎಷ್ಟೋ ಮಕ್ಕಳದ್ದು ಸೈಬರ್ ಸೆಂಟರ್‌ನವರ ನಂಬರ್ ಆಗಿರುತ್ತದೆ. ಒಟಿಪಿ ಅವರಿಗೆ ಹೋಗುತ್ತದೆ, ಚಾಯ್ಸ್ ಒತ್ತುವ ಕೊನೆಯ ದಿನ ಅಂಗಡಿ ಬಾಗಿಲು ಹಾಕಿರುತ್ತದೆ. ನಂಬರ್ ನಿಮ್ಮದಲ್ಲದಿದ್ದರೆ ಈಗಲೇ ಬದಲಾಯಿಸುವ ದಾರಿ ಕೇಳಿ, ಪಾಸ್‌ವರ್ಡನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ.